ವಠಾರದ ಅಂಗಳಕ್ಕೆ ಬೀದಿಯವರೂ ಬರಲಿ

ಪ್ರಶ್ನೆ: ಬೆಂಗಳೂರಿನ ಪೇಟೆಯಲ್ಲಿ ನಮ್ಮದು ಹಳೆಯ ವಠಾರ. ನಾಲ್ಕಡಿ ಅಗಲದ ಓಣಿ ದಾಟಿದರೆ 40 ಅಡಿ ಉದ್ದ, 25 ಅಡಿ ಅಗಲದ ಅಂಗಳ. ಈಗ ಅಲ್ಲಿ ಸ್ಕೂಟರು, ಮುರುಕು ಸಾಮಾನು. ಮಳೆ ಬಂದರೆ ನೀರು ನಿಲ್ಲುತ್ತದೆ. ಸಂಜೆ ಹೊತ್ತು ಬೀದಿಯ ಹಿರಿಯರು, ಮಕ್ಕಳು ಬಂದು ಕೂರುವಂತೆ ಮಾಡುವ ಆಸೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನೀರಿನಿಂದ. ಬೆಂಚು, ಹೂಕುಂಡ ಎಲ್ಲ ಆಮೇಲೆ. ನಿಮ್ಮ 1000 ಚದರಡಿ ಅಂಗಳದ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು; ಸೂರಿನಿಂದ ಇಳಿಯುವುದು ಬೇರೆ. ನಾಲ್ಕೈದು ಕಡೆ ಒಂದೊಂದು ಬಕೆಟ್ ನೀರು ಸುರಿದು ಅರ್ಧ ಗಂಟೆ ಬಿಡಿ. ನಿಂತ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಸಾಮಾನ್ಯವಾಗಿ ಹಳೆಯ ಕಲ್ಲುಹಾಸಿನ ಮೇಲೆ ಆಮೇಲೆ ಬಳಿದ ಸಿಮೆಂಟೇ ಇಳಿಜಾರನ್ನು ಕೆಡಿಸಿರುತ್ತದೆ. ಅದನ್ನು ಕಿತ್ತು, ಎರಡಿಂಚು ಮರಳಿನ ಮೇಲೆ ಒರಟು ಚಪ್ಪಡಿ ಹಾಸಿ. ಎಂಟಡಿಗೆ ಒಂದಿಂಚು ಇಳಿಜಾರು ಸಾಕು, ಅದು ಗೋಡೆಯಿಂದ ಆಚೆಗಿರಲಿ. ಸಂದುಗಳಿಗೆ ಸಿಮೆಂಟ್ ಬೇಡ, ಸಣ್ಣ ಜಲ್ಲಿ ತುಂಬಿ. ನುಣುಪು ಗ್ರಾನೈಟ್ ಅಂತೂ ಬೇಡವೇ ಬೇಡ, ಪಾಚಿ ಕಟ್ಟಿದರೆ ಹಿರಿಯರು ಜಾರುತ್ತಾರೆ. ಚರಂಡಿ ಚೇಂಬರಿನ (ಕೊಳವೆ ಶುಚಿಮಾಡುವ ಗುಂಡಿಯ) ಮುಚ್ಚಳದ ಮೇಲೆ ಕಲ್ಲು ಹಾಸುವ ತಪ್ಪನ್ನು ಬಹಳ ಜನ ಮಾಡುತ್ತಾರೆ; ಒಮ್ಮೆ ಚರಂಡಿ ಕಟ್ಟಿಕೊಂಡರೆ ನೆಲವನ್ನೆಲ್ಲ ಒಡೆಯಬೇಕಾದೀತು.

ಹೊರಗಿನವರು ಒಳಗೆ ಬರಲು ಹಿಂಜರಿಯುವುದು ಓಣಿಯ ಕೊನೆಯಲ್ಲಿ ಏನಿದೆ ಎಂದು ಕಾಣದ್ದರಿಂದ. ಆದ್ದರಿಂದ ದೀಪವನ್ನು ಓಣಿಯ ಬಾಯಿಗಲ್ಲ, ಬೀದಿಯಿಂದ ಕಾಣುವಂತೆ ಒಳಗಿನ ಎದುರುಗೋಡೆಗೆ ಹಾಕಿ. ಎಂಟಡಿ ಎತ್ತರ, ಹಳದಿ ಬೆಳಕು (ಬೆಳಕಿನ ಬಣ್ಣದ ಅಳತೆಯಲ್ಲಿ 2700ರಿಂದ 3000 ಕೆಲ್ವಿನ್), ಮುಖ ಕೆಳಕ್ಕೆ. ಯಾರ ಕಿಟಕಿಗೂ ಹೊಡೆಯಬಾರದು. ಓಣಿಯಲ್ಲಿ ಆರಿಂಚಿನ ಮೆಟ್ಟಿಲಿದ್ದರೆ ಆರಡಿ ಉದ್ದದ ಇಳಿಜಾರು ಕಟ್ಟಿ.

ಕೂರಲು ಎಷ್ಟು ಜಾಗ? ನ್ಯೂಯಾರ್ಕ್ ನಗರ 1975ರಲ್ಲಿ ತನ್ನ ಪ್ಲಾಜಾಗಳಿಗೆ (ದೊಡ್ಡ ಕಟ್ಟಡಗಳ ಬಳಿ ಜನರಿಗೆ ಬಿಟ್ಟ ಬಯಲುಗಳಿಗೆ) 30 ಚದರಡಿಗೆ ಒಂದಡಿ ಉದ್ದದ ಆಸನ ಎಂದು ನಿಯಮ ಮಾಡಿತು. ಆ ಲೆಕ್ಕಕ್ಕೆ ನಿಮಗೆ 33 ಅಡಿ ಬೇಕು. 18 ಇಂಚು ಎತ್ತರ, 16 ಇಂಚು ಅಗಲದ ಜಗಲಿ 20 ಅಡಿ ಕಟ್ಟಿಸಿ. ಉಳಿದದ್ದಕ್ಕೆ ಎತ್ತಿ ಸರಿಸಬಹುದಾದ, ಕೈಯಿರುವ ಕುರ್ಚಿಗಳಿರಲಿ. ಮಂಡಿ ನೋವಿರುವ ಅಜ್ಜಿ ಏಳುವುದು ಆ ಕೈಗಳನ್ನು ಒತ್ತಿಕೊಂಡೇ.

ಸ್ಕೂಟರಿಗೆ ಮೊದಲು ಬೇರೆ ಜಾಗ ಗೊತ್ತುಮಾಡಿ. ಓಣಿಗೆ ಕಲ್ಲುಗೂಟ ನೆಟ್ಟು ತಡೆಯಲಾಗದು: ಗಾಲಿಕುರ್ಚಿ ನುಗ್ಗುವ ಮೂರಡಿ ಸಂದಿನಲ್ಲಿ ಸ್ಕೂಟರೂ ನುಗ್ಗುತ್ತದೆ. ಪ್ರತಿ ಮನೆಯ ಬಾಗಿಲ ಮುಂದೆ ನಾಲ್ಕಡಿ ಆ ಮನೆಯವರದೇ ಆಗಿರಲಿ, ಕರಿಬೇವು, ದೊಡ್ಡಪತ್ರೆ ಕುಂಡಗಳೇ ಗಡಿ. ಅಲ್ಲಿ ಬದುಕುವವರ ನೆಮ್ಮದಿ ಕಳೆದು ಬೀದಿಗೆ ಜಾಗ ಕೊಡುವುದು ಸರಿಯಲ್ಲ.

ಪ್ರಶ್ನೆ: ಮುಂದೆ ಜನ ಇದನ್ನೇ ತಮ್ಮ ಹಕ್ಕು ಎಂದುಬಿಟ್ಟರೆ ಏನು ಗತಿ ಎಂದು ಮಾಲೀಕರಿಗೆ ಅಳುಕು.

ಉತ್ತರ: 1882ರ ಈಸ್‌ಮೆಂಟ್ಸ್ (ಬೇರೆಯವರ ಜಾಗ ಬಳಸುವ ಹಕ್ಕಿನ) ಕಾಯ್ದೆಯಂತೆ ಹಾದಿಯ ಹಕ್ಕು ಹುಟ್ಟಲು, ಹಕ್ಕೆಂದೇ 20 ವರ್ಷ ಅಡೆತಡೆಯಿಲ್ಲದೆ ಬಳಸಿರಬೇಕು. ಅನುಮತಿ ಪಡೆದು ಬಳಸಿದ್ದು ಆ ಲೆಕ್ಕಕ್ಕೆ ಬರದು. ಹಾಗಾಗಿ ‘ಮಾಲೀಕರ ಅನುಮತಿಯಿಂದ, ಸಂಜೆ 5ರಿಂದ 9’ ಎಂಬ ಫಲಕ ಹಾಕಿ, ಅದನ್ನೇ ಪತ್ರದಲ್ಲೂ ಬರೆದಿಡಿ. ಒಂಬತ್ತಕ್ಕೆ ಗೇಟು ಹಾಕುವವರು ಯಾರೆಂದೂ ಅದರಲ್ಲೇ ಇರಲಿ.