ಅಮ್ಮನ ಸಹಿ, ಮಗಳ ಮನೆ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಮಗಳಿಗೆ 18 ತುಂಬಿ ಮೂರು ತಿಂಗಳಾಗಿತ್ತು. ಓದಿನ ಜೊತೆ ಪಾರ್ಟ್ ಟೈಮ್ ಕೆಲಸ. ಗೆಳತಿಯೊಂದಿಗೆ ಸೇರಿ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿಯುವ ಆಸೆ. ಮಾಲೀಕರು ದೊಡ್ಡವರೊಬ್ಬರ ಜಾಮೀನು ಕೇಳಿದ್ದರು. ಕರಾರು ಪತ್ರ ಮನೆಗೆ ಬಂದು ಎರಡು ವಾರವಾದರೂ ಅಮ್ಮ ಅದನ್ನು ಮುಟ್ಟಿರಲಿಲ್ಲ. ಕೊನೆಗೆ ಇಬ್ಬರೂ ಸಲಹೆ ಕೇಳಲು ನನ್ನ ಹತ್ತಿರ ಬಂದರು.

"ಒಂದು ಸಹಿ ಮೇಡಂ. ಅಷ್ಟೂ ನಂಬಿಕೆ ಇಲ್ವಾ ಅಮ್ಮನಿಗೆ ನನ್ನ ಮೇಲೆ?" ಅಂದಳು ಮಗಳು. ಅಮ್ಮ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಮಾಲೀಕರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಹೆಚ್ಚಿನ ದೇಶಗಳಲ್ಲಿ 18ಕ್ಕೆ ಸ್ವಂತವಾಗಿ ಕರಾರು ಮಾಡಬಹುದು. ಆದರೆ ಆ ವಯಸ್ಸಿಗೆ ತೋರಿಸಲು ಸ್ಥಿರ ಸಂಪಾದನೆ ಇರುವುದಿಲ್ಲ, ಹಿಂದೆ ಬಾಡಿಗೆ ಕಟ್ಟಿದ ದಾಖಲೆಯೂ ಇರುವುದಿಲ್ಲ. ಇದನ್ನು ಹೇಳಿದಾಗ ಮಗಳ ಬಿಗಿ ಸ್ವಲ್ಪ ಸಡಿಲವಾಯಿತು.

ಆಮೇಲೆ ಕರಾರು ಪತ್ರ ಬಿಚ್ಚಿಸಿದೆ. ಮೂರನೇ ಪುಟದಲ್ಲಿ ಒಂದು ಸಾಲು: ಬಾಡಿಗೆದಾರರು 'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ' ಹೊಣೆಗಾರರು. ಅವಳಿಂದಲೇ ಜೋರಾಗಿ ಓದಿಸಿದೆ. ಹಾಗಂದರೆ ಗೆಳತಿ ಮಧ್ಯದಲ್ಲಿ ಬಿಟ್ಟುಹೋದರೆ ಇಡೀ ಬಾಡಿಗೆ ಇವಳ ತಲೆಗೆ. ಇವಳಿಂದ ಆಗದಿದ್ದರೆ ಅಮ್ಮನ ತಲೆಗೆ. ಮನೆಗೆ ಆದ ಹಾನಿಯ ಖರ್ಚೂ ಹಾಗೆಯೇ. ಅವಳ ಬೆರಳು ಆ ಸಾಲಿನ ಮೇಲೆಯೇ ನಿಂತಿತು. "ನನ್ನ ಪಾಲು ಮಾತ್ರ ಅಂದ್ಕೊಂಡಿದ್ದೆ" ಅಂದಳು.

ಅಮ್ಮನ ಭಯ ಮಾತ್ರ ಬೇರೆಯೇ ಇತ್ತು. ಬಿಡಿಸಿ ಕೇಳಿದಾಗ ಹೊರಬಂತು. ಹಿಂದಿನ ವರ್ಷ ಮಗಳು ಫೋನ್ ಒಡೆದುಕೊಂಡು, ರಿಪೇರಿಗೆ ಗೆಳೆಯರಿಂದ ಸಾಲ ಮಾಡಿ, ನಾಲ್ಕು ತಿಂಗಳು ಮುಚ್ಚಿಟ್ಟಿದ್ದಳು. "ದುಡ್ಡು ಹೋದ್ರೆ ಹೋಗ್ಲಿ. ಇವಳು ಹೇಳೋದೇ ಇಲ್ಲ" ಅಂದರು. ಮಗಳು ತಟ್ಟನೆ, "ಹೇಳಿದ್ರೆ ನೀನು ಬೈತೀಯಲ್ಲಮ್ಮ" ಅಂದಳು. ನನ್ನ ಅನುಭವದಲ್ಲಿ ಜಾಮೀನಿನ ಜಗಳಗಳು ಜಾಸ್ತಿ ಇಲ್ಲಿಗೇ ಬಂದು ನಿಲ್ಲುತ್ತವೆ.

ಹಾಗಾಗಿ ಮೊದಲ ಸಲಹೆ ಕರಾರಿನ ಬಗ್ಗೆ ಇರಲಿಲ್ಲ. ಬಾಡಿಗೆಗೆ ದುಡ್ಡು ಸಾಲದು ಅನ್ನಿಸಿದರೆ ಗಡುವಿಗೆ ಐದು ದಿನ ಮೊದಲೇ ಮಗಳು ಹೇಳಬೇಕು. ಅಮ್ಮ ಮೊದಲು ಕೇಳುವ ಪ್ರಶ್ನೆ "ಎಷ್ಟು ಕಮ್ಮಿ?" ಎಂದಷ್ಟೇ ಇರಬೇಕು. ಕಾರಣ, ಬುದ್ಧಿಮಾತು ಎಲ್ಲ ಮಾರನೇ ದಿನಕ್ಕೆ. ಅಮ್ಮ ಕೊಟ್ಟ ದುಡ್ಡು ಸಾಲ; ಬರೆದಿಟ್ಟು ತೀರಿಸಬೇಕು. ಇಬ್ಬರೂ ಒಂದೇ ಹಾಳೆಯಲ್ಲಿ ಇದನ್ನು ಬರೆದುಕೊಂಡರು.

ಮಾಲೀಕರ ಹತ್ತಿರ ಏನು ಕೇಳಬಹುದು ಅನ್ನೋದು ಆಮೇಲೆ ಬಂತು. ಜಾಮೀನಿಗೆ ಒಂದು ಮಿತಿ ಬರೆಸಿ ಅಂದೆ. ಜಪಾನಿನಲ್ಲಿ 2020ರ ಏಪ್ರಿಲ್‌ನಿಂದ, ವ್ಯಕ್ತಿಯೊಬ್ಬರು ಮನೆ ಬಾಡಿಗೆಗೆ ಜಾಮೀನು ನಿಂತರೆ ಗರಿಷ್ಠ ಮೊತ್ತ ನಮೂದಿಸಲೇಬೇಕು, ಇಲ್ಲದಿದ್ದರೆ ಆ ಜಾಮೀನು ಊರ್ಜಿತವೇ ಅಲ್ಲ. ಕಾನೂನು ಕಡ್ಡಾಯ ಮಾಡದ ಕಡೆಯೂ ಕೇಳುವುದರಲ್ಲಿ ನಷ್ಟವಿಲ್ಲ. ಕರಾರು ನವೀಕರಿಸಿದರೆ ಹಳೆಯ ಸಹಿಯೇ ಮುಂದುವರಿಯಬಾರದು, ಹೊಸದಾಗಿ ಕೇಳಬೇಕು. ಬಾಡಿಗೆ ತಡವಾದರೆ ಅಮ್ಮನಿಗೂ ತಕ್ಷಣ ತಿಳಿಸಬೇಕು. ಮೂರು ತಿಂಗಳ ಬಾಕಿ ಒಟ್ಟಿಗೆ ಗೊತ್ತಾಗುವುದು ಯಾರಿಗೂ ಬೇಡ. ಗೆಳತಿಯ ಮನೆಯವರೂ ಜಾಮೀನು ನಿಲ್ಲಲಿ ಅಂತಲೂ ಹೇಳಿದೆ.

ಮಗಳು ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಿಂದ ಖರ್ಚು ಬರೆದು ತಂದಿದ್ದಳು. ಬಾಡಿಗೆ, ಊಟ, ಓಡಾಟ, ಅಷ್ಟೇ. ಕರೆಂಟು, ನೀರು, ಇಂಟರ್ನೆಟ್, ಮುಂಗಡ, ಹಾಸಿಗೆ, ಪಾತ್ರೆ ಸೇರಿಸಿದ ಮೇಲೆ ಪುಟ ಸಾಲಲಿಲ್ಲ. ಮನೆ ಹಿಡಿಯುವ ಮೊದಲು ಎರಡು ತಿಂಗಳು ಅಷ್ಟೂ ದುಡ್ಡನ್ನು ತೆಗೆದಿಟ್ಟು ನೋಡು ಅಂದೆ. ಕೀಲಿ ಸಿಕ್ಕ ದಿನವೇ ಗೋಡೆ, ನಲ್ಲಿ, ನೆಲದ ಫೋಟೋ ತೆಗೆದು ಮಾಲೀಕರಿಗೆ ಕಳಿಸು ಅಂದೆ.

ಮಾಲೀಕರು ಮೊತ್ತದ ಮಿತಿಗೆ ಒಪ್ಪಲಿಲ್ಲ. ಜಾಮೀನು ಒಂದು ವರ್ಷಕ್ಕೆ ಮಾತ್ರ ಅನ್ನುವುದಕ್ಕೆ, ಬಾಡಿಗೆ ತಡವಾದರೆ ತಿಳಿಸುವುದಕ್ಕೆ ಒಪ್ಪಿದರು. ಗೆಳತಿಯ ಅಪ್ಪನೂ ಸಹಿ ಹಾಕಿದರು. ಅಮ್ಮ ಎಲ್ಲ ಪುಟ ಓದಿ ಆಮೇಲೆ ಸಹಿ ಮಾಡಿದರಂತೆ.

ಐದು ತಿಂಗಳ ನಂತರ ಮಗಳು ಫೋನ್ ಮಾಡಿದ್ದಳು. ಕೆಲಸದ ಗಂಟೆಗಳು ಕಡಿತವಾಗಿ ಒಂದು ತಿಂಗಳ ಬಾಡಿಗೆಗೆ ದುಡ್ಡು ಸಾಲದೆ ಬಂದಿತ್ತು. "ಆರು ದಿನ ಮೊದಲೇ ಹೇಳಿದೆ ಮೇಡಂ. ಅಮ್ಮ 'ಎಷ್ಟು ಕಮ್ಮಿ' ಅಂದ್ಲು, ಅಷ್ಟೇ. ಎರಡು ಕಂತು ತೀರಿಸಿದ್ದೀನಿ, ಇನ್ನೊಂದು ಬಾಕಿ."