ಟೆಸ್ಟ್ ನೆಗೆಟಿವ್, ಆದರೂ ಮುಟ್ಟಾಗಿಲ್ಲ ಅಂದರೆ

ಮುಟ್ಟು ಹನ್ನೆರಡು ದಿನ ತಡ, ತಡವಾದ ಎರಡನೇ ದಿನ ಮಾಡಿದ ಗರ್ಭಧಾರಣೆ ಟೆಸ್ಟ್ ನೆಗೆಟಿವ್, ಈಚೆಗೆ ಡಯಟ್ ಮಾಡಿ ಏಳು ಕೆಜಿ ಇಳಿಸಿದ್ದೇನೆ ಅಂದಿದ್ದೀರಿ. ಮೊದಲು ಟೆಸ್ಟ್ ಇನ್ನೊಮ್ಮೆ ಮಾಡಿ. ಅಂಡ ತಡವಾಗಿ ಬಿಡುಗಡೆಯಾಗಿದ್ದರೆ, ಗರ್ಭ ನಿಂತಿದ್ದರೂ ಎರಡನೇ ದಿನಕ್ಕೆ ಮೂತ್ರದಲ್ಲಿ ಎಚ್‌ಸಿಜಿ (ಟೆಸ್ಟ್ ಹುಡುಕುವ ಗರ್ಭದ ಹಾರ್ಮೋನ್) ಸಾಕಷ್ಟು ಇಲ್ಲದಿರಬಹುದು. ಬೆಳಗಿನ ಮೊದಲ ಮೂತ್ರವನ್ನೇ ಬಳಸಿ. ಕೊನೆಯ ಸಂಪರ್ಕವಾಗಿ 21 ದಿನ ಕಳೆದ ಮೇಲೂ ನೆಗೆಟಿವ್ ಬಂದರೆ ನಂಬಬಹುದು.

ಆಗ ನನ್ನ ಅನುಮಾನ ಆ ಏಳು ಕೆಜಿ ಮೇಲೆಯೇ. ಊಟ ಇಳಿದು ವ್ಯಾಯಾಮ ಏರಿದಾಗ ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನ್ ಸೂಚನೆ ಕುಗ್ಗುತ್ತದೆ, ಅಂಡ ಬಲಿಯುವುದೇ ಇಲ್ಲ. ಅಂಡ ಹೊರಬಂದ ಮೇಲೆ ಮುಟ್ಟಿಗೆ ಸುಮಾರು 14 ದಿನ. ಮುಟ್ಟು ತಡವಾದಾಗ ಉದ್ದವಾಗುವುದು ಅದಕ್ಕೂ ಮೊದಲಿನ ಅವಧಿ. ವಿಪರೀತ ಒತ್ತಡ ಮಾಡುವುದೂ ಇದನ್ನೇ.

ಥೈರಾಯ್ಡ್ ತೊಂದರೆ, ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಸಹ ಇರಬಹುದು. ವಾಂತಿಗೆಂದು ಡಾಂಪೆರಿಡೋನ್ ತೆಗೆದುಕೊಳ್ಳುತ್ತಿದ್ದೀರಾ? ಅದು ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಏರಿಸಿ ಮುಟ್ಟು ನಿಲ್ಲಿಸಬಲ್ಲದು. ವೈದ್ಯರಿಗೆ ಇದನ್ನು ಹೇಳಲು ಎಷ್ಟೋ ಜನ ಮರೆಯುತ್ತಾರೆ.

ಮೂರು ತಿಂಗಳಾದರೂ ಬಾರದಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಿ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್ ಪರೀಕ್ಷೆ, ಸ್ಕ್ಯಾನಿಂಗ್ ಬರೆದುಕೊಡಬಹುದು. ಟೆಸ್ಟ್ ಖಚಿತವಾಗದೆ ಮುಟ್ಟು ಬರಿಸುವ ಮಾತ್ರೆ ಬೇಡ. ಕಿಬ್ಬೊಟ್ಟೆಯ ಒಂದೇ ಬದಿಗೆ ಜೋರು ನೋವು ಅಥವಾ ತಲೆಸುತ್ತು ಬಂದರೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ, ಗರ್ಭನಾಳದಲ್ಲಿ ಗರ್ಭ ನಿಂತಿರಬಹುದು.