ಗಾಯ ಮಾಯ್ದಿದೆ, ಬೆರಳು ಮಡಚಿಕೊಳ್ಳುತ್ತಿದೆ

ಪ್ರಶ್ನೆ: ನನಗೆ 34 ವರ್ಷ. ಮೂರು ತಿಂಗಳ ಹಿಂದೆ ದನಕ್ಕೆ ಹುಲ್ಲು ಕೊಯ್ಯುವಾಗ ಕುಡುಗೋಲು ಜಾರಿ ಎಡಗೈ ಮಣಿಕಟ್ಟಿಗೆ ಬಿತ್ತು, ಕಿರುಬೆರಳಿನ ಕಡೆಗೆ. ಆವತ್ತೇ ಹೊಲಿಗೆ ಹಾಕಿಸಿದೆವು. ಗಾಯ ಮಾಯ್ದಿದೆ. ಆದರೆ ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿದಂತೆಯೇ ಇವೆ. ಈಗ ಎರಡೂ ಮಡಚಿಕೊಳ್ಳುತ್ತಿವೆ. ರೊಟ್ಟಿ ಬಡಿಯಲು ಆಗುತ್ತಿಲ್ಲ. ನರಕ್ಕೆ ಶಕ್ತಿ ಬರಲಿ ಅಂತ ಗುಳಿಗೆ ಕೊಟ್ಟಿದ್ದಾರೆ. ತಾನಾಗಿ ಸರಿಹೋಗುತ್ತದಾ?
– ಓದುಗರೊಬ್ಬರು, ಸಿಂಧನೂರು ತಾಲ್ಲೂಕು

ಉತ್ತರ: ತಂಗಿ, ಇನ್ನು ಕಾಯಬೇಡಿ. ಈ ವಾರವೇ ಹೊರಡಿ.

ನಮ್ಮ ಕಡೆ ರಕ್ತ ಹರಿಯುವುದಕ್ಕೂ ನರ ಅಂತೀವಿ, ಬೆರಳನ್ನು ಎಳೆಯುವ ಹುರಿಗೂ ನರ ಅಂತೀವಿ. 'ನರ ಕಟ್ ಆಗಿತ್ತು, ಹೊಲಿದರು' ಅಂತ ಯಾರೇ ಹೇಳಲಿ, ಬಳ್ಳಾರಿಯ ನನ್ನ ಕೋಣೆಯಲ್ಲಿ ನಾನು ಮೊದಲು ಕೇಳುವುದು 'ಯಾವ ನರ?' ಅಂತ. ನಿಮಗೆ ಪೆಟ್ಟಾಗಿರುವುದು ಸ್ಪರ್ಶ ತಿಳಿಸುವ, ಕೈಯ ಸಣ್ಣ ಸ್ನಾಯುಗಳನ್ನು ಆಡಿಸುವ ಅಲ್ನಾರ್ ನರಕ್ಕೆ ಅಂತ ಕಾಣುತ್ತದೆ. ಮೊಣಕೈ ಗೋಡೆಗೆ ತಾಗಿದಾಗ ಕಿರುಬೆರಳಿನವರೆಗೆ ಜುಂ ಅನ್ನುತ್ತದಲ್ವಾ, ಅದೇ.

ಮನೆಯಲ್ಲೇ ಒಂದು ಗುರುತು ನೋಡಿ. ಅರ್ಧ ಗಂಟೆ ಬಟ್ಟೆ ಒಗೆದ ಮೇಲೆ ಎರಡೂ ಕೈ ಪಕ್ಕಪಕ್ಕ ಹಿಡಿಯಿರಿ. ನೆನೆದ ಬೆರಳ ತುದಿ ಸುಕ್ಕುಗಟ್ಟಬೇಕು. ಎಡ ಕಿರುಬೆರಳು ಮಾತ್ರ ನುಣ್ಣಗೇ ಉಳಿದಿದ್ದರೆ ಅಲ್ಲಿಗೆ ನರ ತಲುಪುತ್ತಿಲ್ಲ. ಅಂಥ ಬೆರಳು ಬೆವರುವುದೂ ಇಲ್ಲ, ಮುಟ್ಟಿದರೆ ಒಣಒಣ.

ಬೈಕಿನಿಂದ ಬಿದ್ದು ನರ ಜಜ್ಜಿದ್ದರೆ ಸ್ವಲ್ಪ ದಿನ ಕಾದು ನೋಡಬಹುದು, ಎಷ್ಟೋ ಸಲ ತಾನೇ ಚೇತರಿಸಿಕೊಳ್ಳುತ್ತದೆ. ಕುಡುಗೋಲಿನ ಗಾಯ ಹಾಗಲ್ಲ. ತುಂಡಾದ ನರದ ಕೆಳಗಿನ ಎಳೆಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ, ಬರೀ ಕೊಳವೆ ಉಳಿಯುತ್ತದೆ. ಮೇಲಿನ ತುದಿಯಿಂದ ಹೊಸ ಎಳೆ ಚಿಗುರಿ ಆ ಕೊಳವೆಯೊಳಗೆ ಇಳಿಯಬೇಕು. ತುದಿಗಳು ದೂರ ಸರಿದಿದ್ದರೆ ದಾರಿ ಸಿಗದೆ ಅಲ್ಲೇ ಗಂಟು ಕಟ್ಟುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆ ನಡುವೆ ಒಡೆದರೆ ಮೇಲಿನಿಂದ ಎಷ್ಟು ನೀರು ಬಿಟ್ಟರೂ ನಿಮ್ಮ ಗದ್ದೆಗೆ ಬರುತ್ತದಾ? ಗುಳಿಗೆಯ ಕಥೆಯೂ ಅಷ್ಟೇ.

ಜೋಡಿಸಿದ ನರ ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ಬೆಳೆಯುತ್ತದೆ, ತಿಂಗಳಿಗೆ ಒಂದು ಇಂಚು. ಅತ್ತ ನರವಿಲ್ಲದ ಸ್ನಾಯು ಒಂದು, ಒಂದೂವರೆ ವರ್ಷದಲ್ಲಿ ಮತ್ತೆ ಏಳಲಾರದಷ್ಟು ಸೊರಗುತ್ತದೆ. ನಿಮ್ಮ ಗಾಯ ಮಣಿಕಟ್ಟಿನಲ್ಲಿರುವುದು ಸಮಾಧಾನದ ವಿಷಯ, ಅಲ್ಲಿಂದ ಸ್ನಾಯುಗಳು ಗೇಣುದ್ದದೊಳಗೇ ಇವೆ. ಹಾಗಾಗಿ ಮೂರು ತಿಂಗಳಾದರೂ ಕಾಲ ಮೀರಿಲ್ಲ.

ಮೊದಲು ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಹೋಗಿ, ಹೊಲಿಗೆ ಹಾಕಿದಾಗಿನ ಚೀಟಿ ಒಯ್ಯಿರಿ. ನರದಲ್ಲಿ ಸಂಕೇತ ಹರಿಯುತ್ತಿದೆಯಾ ಅಂತ ನೋಡುವ ನರ್ವ್ ಕಂಡಕ್ಷನ್ ಟೆಸ್ಟ್ ಬೇಕಾಗುತ್ತದಾ ಅಂತ ಕೇಳಿ. ಈ ಆಪರೇಷನ್ ಪ್ಲಾಸ್ಟಿಕ್ ಸರ್ಜನ್ ಅಥವಾ ಕೈಯ ಆಪರೇಷನ್ ಮಾಡುವವರ ಕೆಲಸ. ಅಲ್ಲಿ ಆಗದಿದ್ದರೆ ಎಲ್ಲಿಗೆ ಹೋಗಬೇಕು ಅಂತ ಬರೆಸಿಕೊಳ್ಳಿ. ಮೈಕ್ರೋಸ್ಕೋಪಿನಡಿ ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುತ್ತಾರೆ. ಗಂಟು ಕಟ್ಟಿದ ತುದಿ ಕತ್ತರಿಸಿದ ಮೇಲೆ ಅಂತರ ಉಳಿದರೆ ಎಳೆದು ಕಟ್ಟುವಂತಿಲ್ಲ. ಆಗ ಮೀನಖಂಡದ ಹಿಂದಿನಿಂದ ಒಂದು ತುಂಡು ನರ ತೆಗೆದು ನಡುವೆ ಕೂಡಿಸುತ್ತಾರೆ. ಪಾದದ ಹೊರ ಅಂಚು ಜೋಮು ಹಿಡಿದಂತೆ ಉಳಿಯುತ್ತದೆ, ನಡೆಯಲು ತೊಂದರೆಯಿಲ್ಲ. ಕೈ ಪೂರ್ತಿ ಮೊದಲಿನಂತೆ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ದೊಡ್ಡವರಲ್ಲಿ ಸ್ವಲ್ಪ ಕೊರತೆ ಉಳಿಯುವುದೇ ಜಾಸ್ತಿ. ತಿಂಗಳುಗಳ ಮೇಲೆ ಇರುವೆ ಹರಿದಂತೆ ಆದರೆ ಗಾಬರಿಯಾಗಬೇಡಿ, ಅದು ಎಳೆ ಬೆಳೆಯುತ್ತಿರುವ ಲಕ್ಷಣ.

ಅಲ್ಲಿಯವರೆಗೆ ಒಲೆ ಹತ್ತಿರ ಎಡಗೈ ಜೋಪಾನ. ನಿಮ್ಮಂಥದೇ ಕೈಯ ಹೆಣ್ಣುಮಗಳೊಬ್ಬರು ಕಿರುಬೆರಳು ಕಾದ ಹಂಚಿಗೆ ತಾಗಿದ್ದು ಗೊತ್ತೇ ಆಗದೆ ರೊಟ್ಟಿ ಸುಡುತ್ತಿದ್ದರು. ವಾಸನೆ ಬಂದು ನೋಡಿಕೊಳ್ಳುವಷ್ಟರಲ್ಲಿ ಚರ್ಮ ಬಿಳಿಚಿಕೊಂಡಿತ್ತು. ಮತ್ತೆ ದಿನಕ್ಕೆ ನಾಲ್ಕೈದು ಸಲ ಆ ಎರಡು ಬೆರಳನ್ನು ಬಲಗೈಯಿಂದ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿ, ಮಡಚಿ. ಕೀಲು ಬಿಗಿದುಕೊಂಡರೆ ನರ ಬಂದರೂ ಬೆರಳು ಬಿಚ್ಚುವುದಿಲ್ಲ.